ಹಸರ್ಯಾನಿಗೆ ಪಟ್ಟಿ ಕಟ್ಟಿದ ನರ್ಸಬಾಯಿ

ನಮ್ಮ ಓಣಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಹಿರಿಯರಿಗೆ ಅವರು ನರ್ಸಬಾಯಿ, ಎದುರಿನ ಸಾಲಿನ ಮುಸ್ಲಿಂ ಮನೆಗಳವರಿಗೆ ಆಪಾ. ಕರೆಂಟ್ ಬಿಲ್ಲಿನ ಮೇಲೆ ಬರುತ್ತಿದ್ದದ್ದು ತೀರಿಹೋದ ಅವರ ಗಂಡನ ಹೆಸರು. ಹೋದ ಫೆಬ್ರವರಿಯಲ್ಲಿ ಮಸೀದಿಯ ಮೈಕಿನಲ್ಲಿ ಅವರ ಪೂರ್ತಿ ಹೆಸರು ಹೇಳಿ, ಸಂಜೆಯ ಅಸರ್ ನಮಾಜಿನ ನಂತರ ಮಣ್ಣು ಎಂದು ಸಾರಿದಾಗ ಹಿಟ್ಟಿನ ಗಿರಣಿಯವನು ಮೈಯೆಲ್ಲ ಹಿಟ್ಟು ಮಾಡಿಕೊಂಡು ಹೊರಗೆ ಬಂದ. "ಯಾರ್ರಿ ಟೀಚರ್ ಅವ್ರು? ನಮ್ಮ ಓಣ್ಯಾಗಿನವ್ರೇನು?" ಎಂದು ನನ್ನನ್ನೇ ಕೇಳಿದ. ಅವನ ಕೈಯ ಎರಡು ಬೆರಳು ಬೆಲ್ಟಿಗೆ ಸಿಕ್ಕಿದ್ದಾಗ ಎರಡು ತಿಂಗಳು ದಿನಾ ಪಟ್ಟಿ ಕಟ್ಟಿದವರು ಅವರೇ. ನಾನು ಅವನ ಬೆರಳಿನ ಕಡೆ ಕೈ ಮಾಡಿ ತೋರಿಸಿದೆ. ಅವನು ಅಲ್ಲೇ ಕಟ್ಟೆಯ ಮೇಲೆ ಕುಳಿತ.

ಆ ಹೆಸರನ್ನು ನಾನೂ ಇಲ್ಲಿ ಬರೆಯುವುದಿಲ್ಲ. ನನಗೂ ಅವರು ನರ್ಸಬಾಯಿಯೇ.

ನಾನು ಸುರಪುರದವಳು. ಶಹಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಆರು ವರ್ಷದಿಂದ ಅವರ ಮನೆಯ ಮೇಲಿನ ಎರಡು ಕೋಣೆಗಳಲ್ಲಿ ಬಾಡಿಗೆಗೆ ಇದ್ದೇನೆ. ಅವರು ಸರ್ಕಾರಿ ಆಸ್ಪತ್ರೆಯಲ್ಲಿ ನೌಕರಿ ಮುಗಿಸಿದವರು. ಕೊನೆಯ ಹದಿನೈದು ವರ್ಷ ಗಾಯಗಳಿಗೆ ಮಲಾಮು ಹಚ್ಚಿ ಪಟ್ಟಿ ಕಟ್ಟುವ ಕೋಣೆಯಲ್ಲೇ ಕಳೆದಿದ್ದರು. ರಿಟೈರ್ ಆದ ಮೇಲೆ ಆ ಕೋಣೆ ಅವರ ಬೆನ್ನು ಹತ್ತಿ ಮನೆಯ ಪಡಸಾಲೆಗೇ ಬಂದಿತ್ತು. ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಬಾಗಿಲ ಮುಂದೆ ಚಪ್ಪಲಿಗಳ ಸಾಲು. ಭತ್ತ ಕೊಯ್ಯುವಾಗ ಕುಡುಗೋಲು ತಾಗಿದವರು, ಬಸ್‌ಸ್ಟ್ಯಾಂಡಿನ ಹಮಾಲರು, ಎಣ್ಣೆ ಸಿಡಿದು ಮೊಣಕೈ ಸುಟ್ಟುಕೊಂಡ ಮಿರ್ಚಿ ಭಜಿ ಬಂಡಿಯಾಕೆ. ವಡಗೇರಾ ಕಡೆಯ ಹೊಳೆದಂಡೆಯಿಂದ ಒಬ್ಬ ಮೀನುಗಾರ, ಅಂಗೈಯಲ್ಲಿ ಗಾಳ ಸಿಕ್ಕಿಸಿಕೊಂಡು, ಅದನ್ನು ಹಾಗೇ ಇಟ್ಟುಕೊಂಡು ಎರಡು ಬಸ್ಸು ಬದಲಿಸಿ ಬಂದಿದ್ದ.

ಬಂದವರಿಗೆಲ್ಲ ಮೊದಲ ಪ್ರಶ್ನೆ ಒಂದೇ: "ಉಂಡೀಯೇನು?" ಇಲ್ಲ ಎಂದರೆ ಗಾಯ ಮುಟ್ಟುತ್ತಿರಲಿಲ್ಲ. ಡಬ್ಬಿಯಿಂದ ಬೆಲ್ಲ, ಹುರಿದ ಶೇಂಗಾ ಕೈಗೆ ಹಾಕಿ, ಅದು ಮುಗಿಯುವ ತನಕ ಕಾಯುತ್ತಿದ್ದರು. "ಖಾಲಿ ಹೊಟ್ಟಿಗೆ ಬ್ಯಾನಿ ಎರಡು ಪಟ್ಟು" ಎನ್ನುತ್ತಿದ್ದರು. ಇನ್ನು ಅಂಟಿದ ಪಟ್ಟಿ ಬಿಚ್ಚುವಾಗ ಅವರದೊಂದು ಯುಕ್ತಿ ಇತ್ತು. ಯೋಚನೆ ಮಾಡಿಯೇ ಉತ್ತರ ಹೇಳಬೇಕಾದ ಪ್ರಶ್ನೆಯನ್ನು ಹಾಕುತ್ತಿದ್ದರು. ಆನೆಯಂಥ ಒಬ್ಬ ಹಮಾಲ ಪಟ್ಟಿ ಮುಟ್ಟುವ ಮೊದಲೇ "ಅಯ್ಯಯ್ಯೋ" ಎಂದು ಒದರಾಡುತ್ತಿದ್ದಾಗ, "ನಿನ್ನ ಲಗ್ನದಾಗ ಅಡಗಿ ಮಾಡ್ದವ್ರು ಯಾರೋ?" ಎಂದರು. ಅವನು ಒದರುವುದನ್ನು ನಿಲ್ಲಿಸಿ ಮೇಲೆ ನೋಡಿದ. "ಅವ್ರು... ಸಗರದವ್ರು ಒಬ್ಬರು ಇದ್ರಲ್ಲ..." ಎನ್ನುವಷ್ಟರಲ್ಲಿ ಪಟ್ಟಿ ಬುಟ್ಟಿಯಲ್ಲಿತ್ತು.

ಬಿಚ್ಚಿದ ಪಟ್ಟಿಯನ್ನು ಅವರು ಮೂಗಿನ ಹತ್ತಿರ ತಂದು ಮೂಸುತ್ತಿದ್ದರು. ಮೊದಲ ಸಲ ನೋಡಿದಾಗ ನಾನು ಎರಡು ಹೆಜ್ಜೆ ಹಿಂದೆ ಸರಿದಿದ್ದೆ. ಅವರು ನಕ್ಕರು. "ಗಾಯ ಸುಳ್ಳು ಹೇಳಂಗಿಲ್ಲ ಟೀಚರ್. ಮನುಷ್ಯಾ ಹೇಳ್ತಾನ. 'ಬೇಷದರಿ ಬಾಯಿ, ಕಡಿಮಿ ಆಗ್ಯದ' ಅಂತಾನ. ಪಟ್ಟಿ ಮೂಸಿದ್ರ ಖರೇ ಮಾತು ಗೊತ್ತಾಗ್ತದ."

ಇಂಥ ಹೆಂಗಸಿಗೆ ಹಲ್ಲಿ ಕಂಡರೆ ಜೀವ ಹೋಗುತ್ತಿತ್ತು. ಕೀವು, ರಕ್ತ, ಹುಳ ಬಿದ್ದ ಕಾಲು ಯಾವುದಕ್ಕೂ ಮುಖ ಸಿಂಡರಿಸದವರು ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿದರೆ ಸೆರಗು ಬಾಯಿಗೆ ಒತ್ತಿಕೊಂಡು ಕುರ್ಚಿ ಹತ್ತುತ್ತಿದ್ದರು. ನಾನು ಕಸಬರಿಗೆ ಹಿಡಿದು ಕೆಳಗೆ ಓಡಿದ ದಿನಗಳು ಎಷ್ಟೋ. ಹಾಗಾಗಿ ನನ್ನ ತಮ್ಮ ಒಂದು ದಿನ ರಟ್ಟಿನ ಪೆಟ್ಟಿಗೆಯಲ್ಲಿ ಇಗ್ವಾನಾ ಎಂಬ ದೊಡ್ಡ ಹಲ್ಲಿಯನ್ನು ತಂದು ಬಿಟ್ಟಾಗ ನಾನು ಮೊದಲು ಹೆದರಿದ್ದು ಅವರಿಗೆ.

ತಮ್ಮ ಯಾದಗಿರಿ ಸ್ಟೇಷನ್ ಹತ್ತಿರ ಬಣ್ಣದ ಮೀನು, ಪಂಜರದ ಹಕ್ಕಿಗಳ ಅಂಗಡಿ ಇಟ್ಟಿದ್ದ. ಅಂಗಡಿ ನಡೆಯಲಿಲ್ಲ. ಮೀನು ಹೋದವು, ಹಕ್ಕಿ ಹೋದವು, ಈ ಒಂದನ್ನು ಮಾತ್ರ ಯಾರೂ ಒಯ್ಯಲಿಲ್ಲ. ದೂರದ ದೇಶದ ಪ್ರಾಣಿ. ನಮ್ಮ ಉಡದ ಹಾಗೆಯೇ ಕಾಣುತ್ತದೆ, ಆದರೆ ಎಳೆ ಬಾಳೆ ಎಲೆಯ ಹಸಿರು. ಬೆನ್ನುದ್ದಕ್ಕೂ ಬಾಚಣಿಗೆಯ ಹಲ್ಲಿನಂಥ ಮುಳ್ಳು, ಗದ್ದದ ಕೆಳಗೆ ಜೋಲುವ ಚರ್ಮ. ಬಾಲ ಸೇರಿಸಿದರೆ ನನ್ನ ತೋಳಿಗಿಂತ ಉದ್ದ. ತಿನ್ನುವುದು ಬರೀ ಸೊಪ್ಪು, ಹೂವು, ಕುಂಬಳಕಾಯಿ. "ಒಂದು ತಿಂಗಳು ಇಟ್ಕೋ ಅಕ್ಕಾ, ಹೈದ್ರಾಬಾದಿನಾಗ ಜಾಗ ನೋಡಿ ಒಯ್ತೀನಿ" ಎಂದು ಹೋದ ತಮ್ಮ ಈಗಲೂ ಅದನ್ನೇ ಹೇಳುತ್ತಾನೆ.

ನರ್ಸಬಾಯಿ ಎರಡು ತಿಂಗಳು ಮೆಟ್ಟಿಲು ಹತ್ತಲಿಲ್ಲ. ಕೆಳಗಿನಿಂದಲೇ, "ನಿನ್ನ ಆ ಹಸರ್ಯಾ ಏನ್ ಮಾಡಾಕತ್ಯಾನ?" ಎಂದು ಕೂಗುತ್ತಿದ್ದರು. ಆ ಹೆಸರೇ ನಿಂತಿತು. ಮನೆಯ ಹಿತ್ತಲಿನ ನುಗ್ಗೆ ಗಿಡದ ಸೊಪ್ಪನ್ನು ಬೆಳಿಗ್ಗೆ ಕಿತ್ತು ಕೊನೆಯ ಮೆಟ್ಟಿಲ ಮೇಲೆ ಇಟ್ಟು ಹೋಗುತ್ತಿದ್ದರು. ಒಮ್ಮೆ, ಸಾಕಬಾರದ ಉಡವನ್ನು ಟೀಚರ್ ಸಾಕಿದ್ದಾಳೆ ಎಂದು ಯಾರೋ ದೂರು ಕೊಟ್ಟಿದ್ದರಿಂದ ಅರಣ್ಯ ಇಲಾಖೆಯವನೊಬ್ಬ ಬಂದ. ನಾನು ತಮ್ಮ ಕೊಟ್ಟುಹೋದ ಅಂಗಡಿಯ ಕಾಗದ ಹುಡುಕುತ್ತಿದ್ದೆ. ಅಷ್ಟರಲ್ಲಿ ನರ್ಸಬಾಯಿ ಬಾಗಿಲಲ್ಲಿ ನಿಂತು, ತಾವು ಒಮ್ಮೆಯೂ ಕಣ್ಣಿಂದ ನೋಡದ ಪ್ರಾಣಿಯ ಪರವಾಗಿ ವಾದ ಶುರು ಮಾಡಿದ್ದರು. "ಉಡ ಮಾಂಸ ತಿಂತದ್ರಿ ಸಾಹೇಬ. ಇದು ನನ್ನ ನುಗ್ಗಿ ಗಿಡ ಅರ್ಧ ಖಾಲಿ ಮಾಡ್ಯದ. ನಂಬಿಕಿ ಇಲ್ಲಂದ್ರ ಬರ್ರಿ, ಗಿಡ ನೋಡ್ರಿ." ಆತ ಗಿಡವನ್ನೂ ನೋಡಿದ, ಕಾಗದವನ್ನೂ ನೋಡಿದ, ಚಹಾ ಕುಡಿದು ಹೋದ.

ಜನವರಿಯ ಒಂದು ಬೆಳಿಗ್ಗೆ ಹಸರ್ಯಾ ಬಿಸಿಲು ಕಾಯಿಸಲು ಕಿಟಕಿಯ ತಂತಿ ಜಾಲರಿ ಹತ್ತಿ ಕುಳಿತಿತ್ತು. ಒಳಗೆ ಕುಕ್ಕರ್ ಸೀಟಿ ಹೊಡೆಯಿತು. ಬೆದರಿ ಜಿಗಿದಾಗ ಮುಂಗಾಲಿನ ಒಂದು ಬೆರಳು ಜಾಲರಿಯಲ್ಲಿ ಸಿಕ್ಕು ಉಗುರು ಅರ್ಧ ಕಿತ್ತುಬಂತು, ಬೆರಳಿನ ಚರ್ಮ ಸುಲಿಯಿತು. ಪರ್ಸಿ ಕಲ್ಲಿನ ನೆಲದ ಮೇಲೆ ರಕ್ತದ ಚುಕ್ಕೆಗಳು. ನಾನು ಕಿರುಚಿದೆ.

"ಏನಾತು?" ಕೆಳಗಿನಿಂದ ದನಿ.

"ರಕ್ತ ಬರಾಕತ್ಯದ್ರಿ!"

ಅವರು ಮೆಟ್ಟಿಲು ಹತ್ತಿ ಬಂದೇಬಿಟ್ಟರು. ರಕ್ತ ನನ್ನದೆಂದುಕೊಂಡಿದ್ದರೇನೋ. ಹೊಸ್ತಿಲಲ್ಲಿ ನಿಂತು ನನ್ನ ಕೈಯಲ್ಲಿದ್ದುದನ್ನು ನೋಡಿ ಅವರ ಮುಖ ಬಿಳಚಿಕೊಂಡಿತು. ಒಂದು ಕ್ಷಣ ಕಣ್ಣು ಮುಚ್ಚಿ "ಯಾ ಅಲ್ಲಾ" ಎಂದರು. ಕಣ್ಣು ತೆರೆದಾಗ ಅವರು ಬೇರೆಯೇ ಮನುಷ್ಯರಾಗಿದ್ದರು. "ಟಾವೆಲ್ ತಗೋ. ಕಣ್ಣು ಸಹಿತ ಮುಚ್ಚಿ ಸುತ್ತು, ಕಾಲಷ್ಟು ಹೊರಗ ಬಿಡು. ನಾ ಕೈ ತೊಳದು ಬರ್ತೀನಿ." ಅರಿವೆಯಲ್ಲಿ ಸುತ್ತಿದ ಕೂಡಲೆ ಅದು ಸುಮ್ಮನಾಯಿತು. ಅವರು ಹತ್ತಿ ಒತ್ತಿ ಹಿಡಿದು, ಗೋಡೆ ಗಡಿಯಾರ ನೋಡುತ್ತ ಐದು ನಿಮಿಷ ಅಲ್ಲಾಡದೆ ಕುಳಿತರು. ರಕ್ತ ನಿಂತಿತು. ಆಗಷ್ಟೇ ಅವರು ಸೆರಗು ಬಾಯಿಗೆ ಒತ್ತಿಕೊಂಡು ಹೊಸ್ತಿಲಾಚೆ ಸರಿದರು.

ತಮ್ಮನಿಗೆ ಫೋನ್ ಮಾಡಿ, ಅವನ ಗುರುತಿನ ಹೈದರಾಬಾದಿನ ಪಶುವೈದ್ಯರನ್ನು ಹಿಡಿದೆವು. ಫೋನು ನನ್ನಿಂದ ಕಸಿದುಕೊಂಡು ನರ್ಸಬಾಯಿಯೇ ಮಾತಾಡಿದರು, ಡ್ಯೂಟಿಯ ನರ್ಸು ಡಾಕ್ಟರಿಗೆ ವರದಿ ಒಪ್ಪಿಸುವ ಹಾಗೆ. ಎಲುಬು ಕಾಣುತ್ತಿಲ್ಲ, ಬೆರಳು ಮಡಚುತ್ತದೆ, ರಕ್ತ ನಿಂತಿದೆ. ಹಾಗಾದರೆ ಮನೆಯಲ್ಲೇ ನೋಡಿಕೊಳ್ಳಬಹುದು ಎಂದರು ಡಾಕ್ಟರು. ಅಯೋಡಿನ್ ಔಷಧಿಯನ್ನು ಉಗುರುಬೆಚ್ಚಗಿನ ನೀರಿಗೆ ಬೆರೆಸಿ ತೆಳು ಚಹಾದ ಬಣ್ಣಕ್ಕೆ ತಂದು, ದಿನಕ್ಕೆ ಎರಡು ಸಲ ಹತ್ತು ನಿಮಿಷ ಕಾಲು ನೆನೆಸಬೇಕು. ಒರೆಸಿ, ಪೂರ್ತಿ ಒಣಗಿಸಿ, ನೋವಿನ ಔಷಧಿ ಬೆರೆಸದ ಸಾದಾ ಮಲಾಮನ್ನು ತೆಳುವಾಗಿ ಹಚ್ಚಬೇಕು. ಗೂಡಿನ ಉಸುಕು ತೆಗೆದು ದಿನಾ ಹೊಸ ಪೇಪರ್ ಹಾಸಬೇಕು. ಮೊದಲ ಎರಡು ದಿನ ಸಡಿಲಾಗಿ ಪಟ್ಟಿ ಕಟ್ಟಿ, ಆಮೇಲೆ ಗಾಳಿಗೆ ಬಿಡಬೇಕು. ನರ್ಸಬಾಯಿ ಒಂದೊಂದನ್ನೂ ತಿರುಗಿ ಹೇಳಿ ಖಾತ್ರಿ ಮಾಡಿಕೊಂಡರು. ಕೊನೆಗೆ, "ಬಾತ್ರ, ಇಲ್ಲಾ ಕರ್ರಗಾದ್ರ ಒಂದಿನಾನೂ ತಡ ಮಾಡಂಗಿಲ್ಲ ಸಾರ್, ನಿಮ್ಮ ಕಡಿ ತರ್ತೀವಿ" ಎಂದರು.

ಅವರು ಹೇಳಿದ ಮಾತು ಇದ್ದದ್ದು ಹೀಗೆಯೇ. ನಾನು ಪಕ್ಕದಲ್ಲೇ ಕುಳಿತಿದ್ದೆ.

ಅಂದಿನಿಂದ ಮೂರು ವಾರ, ನಾನು ಶಾಲೆಗೆ ಹೋಗುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ, ಅವರು ಮೇಲೆ ಬರುತ್ತಿದ್ದರು. ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲು. ಕಾಲಿಗೆ ದಪ್ಪನೆಯ ಸಾಕ್ಸ್. ಆ ಸಲ ಥಂಡಿ ಜಾಸ್ತಿಯೇ ಇತ್ತು, ನಾನೇನೂ ಕೇಳಲಿಲ್ಲ. ಬೋಗುಣಿಯಲ್ಲಿ ಔಷಧಿ ಬೆರೆಸಿ, "ಚಹಾ ತಯಾರದ ಹಸರ್ಯಾ" ಎಂದು ಕರೆಯುತ್ತಿದ್ದರು. ನಾನು ಟವೆಲಿನಲ್ಲಿ ಹಿಡಿದುಕೊಂಡರೆ ಅವರು ಆ ಕಾಲನ್ನು ಎರಡು ಬೆರಳಲ್ಲಿ, ಬೆಂಡೋಲೆ ಹಿಡಿದ ಹಾಗೆ ಹಿಡಿದು ನೀರಿಗಿಳಿಸುತ್ತಿದ್ದರು. ಮೊದಲ ಪಟ್ಟಿ ಬಿಚ್ಚುವಾಗ ಅಭ್ಯಾಸಬಲದಿಂದ, "ನಿಮ್ಮ ಮಂದಿ ಯಾವ ಊರಾಗ ಇರ್ತಾರೋ?" ಎಂದು ಕೇಳಿಯೇಬಿಟ್ಟರು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಆ ಹತ್ತು ಹತ್ತು ನಿಮಿಷಗಳಲ್ಲಿ ನಾನು ಅವರ ಬಗ್ಗೆ ತಿಳಿದದ್ದು ಹಿಂದಿನ ಐದು ವರ್ಷಗಳಲ್ಲಿ ತಿಳಿದಿರಲಿಲ್ಲ. ಗೋಗಿಯಲ್ಲಿ ಒಬ್ಬಳೇ ತಂಗಿ. ಮಕ್ಕಳಾಗಲಿಲ್ಲ. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಗಂಡನಿಗೆ ಸಕ್ಕರೆ ಕಾಯಿಲೆ. ಕಾಲಿನ ಹೆಬ್ಬೆರಳಿಗೆ ಬೂಟು ತಿಕ್ಕಿ ಆದ ಗುಳ್ಳೆ ಮಾಯಲಿಲ್ಲ.

"ಮೊದ್ಲು ಬೆರಳು ತಗದ್ರು. ಇಷ್ಟಕ್ಕ ಮುಗೀತು ಅಂದ್ರು. ಆಮ್ಯಾಲ ಪಾದ. ಇಷ್ಟಕ್ಕ ಮುಗೀತು ಅಂದ್ರು. ಆಮ್ಯಾಲ ಮೊಣಕಾಲ ಮ್ಯಾಲ." ಅವರು ಬೋಗುಣಿಯ ನೀರು ನೋಡುತ್ತ ಹೇಳುತ್ತಿದ್ದರು. "ಮೂರು ಸಲಾನೂ ಸಹಿ ಮಾಡ್ದಾಕಿ ನಾನೇ ಬೇಟಾ. ದವಾಖಾನ್ಯಾಗ ಕೆಲಸ ಮಾಡಾಕಿ, ನನಗ ತಿಳೀತದ ಅಂತ. ಮೂರನೇ ಸಲ ಒಳಗ ಒಯ್ಯೋ ಮುಂದ ನನ್ನ ಕೈ ಹಿಡದು ಕೇಳಿದ್ರು, 'ಇನ್ನಾ ಏನೇನು ಕೊಡಾಕಿದ್ದೀ ಅವ್ರಿಗೆ?' ಅಂತ. ಹೊರಗ ಬರಲಿಲ್ಲ."

ಅವರು ಗಡಿಯಾರ ನೋಡಿ, "ಹತ್ತು ನಿಮಿಷ ಆತು, ತಗಿ" ಎಂದರು.

ಈಗ ಕೂತು ಎಣಿಸಿದರೆ ಎಲ್ಲವೂ ಕಣ್ಣ ಮುಂದೆಯೇ ಇತ್ತು. ಹಸರ್ಯಾ ನೆಲಕ್ಕೆ ಬಿಟ್ಟ ಕೂಡಲೆ ಅವರ ಎಡಗಾಲಿನ ಕಡೆಗೇ ಹೋಗುತ್ತಿತ್ತು. ಸಾಕ್ಸಿನ ಮೇಲೆ ನಾಲಿಗೆಯ ತುದಿ ತಾಗಿಸಿ ತಾಗಿಸಿ ನೋಡುತ್ತಿತ್ತು. ಈ ಪ್ರಾಣಿಗಳು ವಾಸನೆ ಹಿಡಿಯುವುದೇ ನಾಲಿಗೆಯಿಂದ ಎಂಬುದು ವಿಜ್ಞಾನ ಟೀಚರಾದ ನನಗೆ ಗೊತ್ತಿತ್ತು. ಆದರೂ "ನೋಡ್ರಿ, ನಿಮ್ಮ ಕಾಲಿಗೆ ಬೀಳಾಕತ್ಯದ" ಎಂದು ನಗೆಯಾಡಿದೆ. ಅವರು "ಹಟ್" ಎಂದು ಕಾಲು ಸೀರೆಯೊಳಗೆ ಎಳೆದುಕೊಂಡರು. ಇಷ್ಟು ಸಣ್ಣ ಬೆರಳಿಗೆ ತಂದ ಅಯೋಡಿನ್ ಬಾಟಲಿ ಎಂಟೇ ದಿನಕ್ಕೆ ಮುಗಿಯಿತು. "ಇಷ್ಟು ಲಗೂ ಹ್ಯಾಂಗ ಮುಗೀತ್ರಿ?" ಎಂದರೆ "ಚೆಲ್ಲಿತು" ಎಂದರು. ಎರಡನೆಯದೂ ಚೆಲ್ಲಿತು. ಬಾಟಲಿಯನ್ನು ಅವರು ದಿನಾ ಕೆಳಗೆ ಒಯ್ಯುತ್ತಿದ್ದರು. ಪಡಸಾಲೆಯಲ್ಲಿ ಶುಕ್ರವಾರಕ್ಕೊಮ್ಮೆ ಹಾಕುತ್ತಿದ್ದ ಲೋಬಾನದ ಹೊಗೆ ದಿನಾ ಏಳತೊಡಗಿತ್ತು.

ಇಪ್ಪತ್ತನೆಯ ದಿನ ಹಸರ್ಯಾನ ಬೆರಳಿನ ಹಕ್ಕಳೆ ಉದುರಿ, ಕೆಳಗೆ ಹೊಸ ಚರ್ಮ ಕಂಡಿತು. ಉಗುರು ಮತ್ತೆ ಬರಲಿಲ್ಲ, ಇಂದಿಗೂ ಬಂದಿಲ್ಲ, ಆದರೆ ಬೆರಳು ಉಳಿಯಿತು. ನರ್ಸಬಾಯಿ ಆ ಬೆರಳನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಮೂಸಿದರು. ಹಲ್ಲಿಗೆ ಹೆದರುವ ಆ ಹೆಂಗಸು ಇಗ್ವಾನಾದ ತಲೆಯ ಮೇಲೆ ಕೈಯಿಟ್ಟು "ಶಾಬ್ಬಾಸ್" ಎಂದರು. ಏಳಲು ಹೋದರು, ಆಗಲಿಲ್ಲ. ನಾನು ಕೈ ಕೊಟ್ಟು ಎಬ್ಬಿಸಿದೆ. ಅವರ ಅಂಗೈ ಕಾದ ಹಂಚಿನಂತಿತ್ತು. "ಜರಾ ಜ್ವರ" ಎಂದರು.

ಅದಾದ ನಾಲ್ಕನೆಯ ಬೆಳಿಗ್ಗೆ ಎಂಟಾದರೂ ಕೆಳಗಿನ ಬಾಗಿಲು ತೆರೆಯಲಿಲ್ಲ. ಹೊರಗೆ ಇಬ್ಬರು ಪಟ್ಟಿ ಕಟ್ಟಿಸಿಕೊಳ್ಳಲು ಬಂದು ನಿಂತಿದ್ದರು. ನಾನು ಹಿತ್ತಲ ಬಾಗಿಲಿಂದ ಒಳಗೆ ಹೋದೆ. ಕೋಣೆ ತುಂಬ ಲೋಬಾನದ ಹೊಗೆ, ಆ ಹೊಗೆಯ ಕೆಳಗೆ ಇನ್ನೊಂದು ವಾಸನೆ. ಅವರು ಮಂಚದ ಮೇಲೆ ಎರಡು ಕೌದಿ ಹೊದ್ದು ನಡುಗುತ್ತಿದ್ದರು.

"ಸಾಕ್ಸ್ ತಗೀರಿ" ಎಂದೆ.

"ಬ್ಯಾಡ."

ನಾನೇ ತೆಗೆದೆ. ಒಳಗೆ ಪಟ್ಟಿ. ಅಯೋಡಿನ್ನಿನ ಕಂದು ಬಣ್ಣ. ಅದರ ಕೆಳಗೆ ಹೆಬ್ಬೆರಳು ಮತ್ತು ಪಕ್ಕದ ಬೆರಳು ಸುಟ್ಟ ಬದನೆಕಾಯಿಯ ಹಾಗೆ ಕಪ್ಪಾಗಿದ್ದವು. ಅಂಗಾಲಿನಲ್ಲಿ ನನ್ನ ಹೆಬ್ಬೆರಳು ಹಿಡಿಯುವಷ್ಟು ತೂತು. ಕೆಂಪು ಪಾದದ ಗಂಟು ದಾಟಿ ಮೇಲಕ್ಕೆ ಹತ್ತಿತ್ತು.

"ಯಾವಾಗಿಂದ?"

"ದೀಪಾವಳಿ ಮುಂದ. ಚಪ್ಪಲ್ಯಾಗ ಮೊಳಿ ಇತ್ತು. ಒಂದಿನ ಪೂರಾ ಅದರ ಮ್ಯಾಲೇ ಅಡ್ಡಾಡೀನಿ. ನೆಲದ ಮ್ಯಾಲ ರಕ್ತ ಕಂಡಾಗ ಯಾರದು ಅಂತ ಹುಡಕೀನಿ." ಅವರು ನಗಲು ನೋಡಿದರು. "ಸಕ್ರಿ ಕಾಯಿಲಿ ನನಗೂ ಹನ್ನೆರಡು ವರ್ಷದಿಂದ ಅದ ಬೇಟಾ. ಪಾದಕ್ಕ ಜೀವಾನೇ ಇಲ್ಲ."

ಫೋನು ತೆಗೆದೆ. ಅವರು ಎದ್ದು ಕುಳಿತು ನನ್ನ ಕೈ ಹಿಡಿದು ತಡೆದರು, ಆಮೇಲೆ ಎರಡೂ ಕೈ ಮುಗಿದರು. ಓಣಿಯ ಎಷ್ಟೋ ಜನ ಅವರ ಮುಂದೆ ಹಾಗೆ ಕೈ ಮುಗಿದದ್ದನ್ನು ನೋಡಿದ್ದೆ. ಅವರು ಯಾರ ಮುಂದೂ ಮುಗಿದದ್ದನ್ನು ನೋಡಿರಲಿಲ್ಲ. "ಕಲಬುರ್ಗಿ ದವಾಖಾನಿಗಿ ಒಯ್ಯಬ್ಯಾಡ. ಅವ್ರು ಬೆರಳಿಂದ ಶುರು ಮಾಡ್ತಾರ. ಆ ಪ್ರಾಣಿಗಿ ಮಾಡಿದ್ವಲ್ಲ, ಹಂಗ ನನಗೂ ಮಾಡು. ಗುಳಿಗಿ ಹೆಸರು ಬರದು ಕೊಡ್ತೀನಿ. ನಾ ಹೇಳ್ತೀನಿ, ನೀ ಮಾಡು. ಒಂದು ನಾಕು ದಿನ. ಮಾತು ಕೊಡು."

ನಾನು ಮಾತು ಕೊಟ್ಟೆ.

ಯಾಕೆ ಕೊಟ್ಟೆ ಎಂದು ಈ ವರ್ಷವೆಲ್ಲ ನನ್ನನ್ನೇ ಕೇಳಿಕೊಂಡಿದ್ದೇನೆ. ಕಪ್ಪಾದ ಬೆರಳು ಏನೆಂದು ನನಗೆ ತಿಳಿಯುತ್ತಿತ್ತು. ಆದರೆ ಗಾಯದ ವಿಷಯದಲ್ಲಿ ಅವರ ಮಾತಿಗೆ ಎದುರಾಡುವ ಧೈರ್ಯ ಇಡೀ ಓಣಿಯಲ್ಲಿ ಯಾರಿಗೂ ಇರಲಿಲ್ಲ, ನನಗೂ ಇರಲಿಲ್ಲ. ಅವರಿಗೆ ಎಲ್ಲ ಗೊತ್ತು ಅಂದುಕೊಂಡೆ. ಅವರಿಗೆ ಎಲ್ಲ ಗೊತ್ತೂ ಇತ್ತು.

ಮೂರು ದಿನ ಶಾಲೆಗೆ ರಜೆ ಹಾಕಿದೆ. ಬಾಗಿಲಿಗೆ ಬಂದವರಿಗೆ ನರ್ಸಬಾಯಿ ಊರಲ್ಲಿಲ್ಲ ಎಂದು ಸುಳ್ಳು ಹೇಳಿದೆ. ಅವರು ಮಲಗಿದಲ್ಲಿಂದಲೇ ಹೇಳುತ್ತಿದ್ದರು: "ಒಳಗಿಂದ ಹೊರಗ ಒರಸು. ಆ ಹತ್ತಿ ಮತ್ತ ಮುಟ್ಟಬ್ಯಾಡ, ಒಗಿ. ಹೆದರಬ್ಯಾಡ, ನನಗೇನೂ ತಿಳಿಯಂಗಿಲ್ಲ." ಎರಡನೆಯ ದಿನ ಬಿಚ್ಚಿದ ಪಟ್ಟಿಯನ್ನು ಕೇಳಿದರು. ಕೊಟ್ಟೆ. ಮೂಗಿನ ಹತ್ತಿರ ಒಯ್ದರು. ನನ್ನ ಕೈಗೆ ತಿರುಗಿ ಕೊಟ್ಟರು. "ಹ್ಯಾಂಗದ್ರಿ?" ಎಂದೆ. "ಬೇಷದ" ಎಂದರು.

ಮೂರನೆಯ ದಿನ ಮಧ್ಯಾಹ್ನ ಅವರು ನನ್ನನ್ನು ತಂಗಿಯ ಹೆಸರಿನಿಂದ ಕರೆದರು. ಕಣ್ಣು ನನ್ನ ಮೇಲಿತ್ತು, ಗುರುತಿರಲಿಲ್ಲ. ನಾನು ಗೋಗಿಗೆ ಫೋನ್ ಮಾಡಿದೆ. ತಂಗಿ ಮತ್ತು ತಂಗಿಯ ಗಂಡ ಸಿಕ್ಕ ಆಟೋ ಹತ್ತಿ ಬಂದರು, ಅವರ ಹಿಂದೆಯೇ ಆಂಬುಲೆನ್ಸ್ ಬಂತು. ಸ್ಟ್ರೆಚರ್ ಬಾಗಿಲು ದಾಟುವಾಗ ಅವರಿಗೆ ಎಚ್ಚರವಾಯಿತು. ಎರಡೂ ಕೈಯಿಂದ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಅಷ್ಟು ಜ್ವರದಲ್ಲಿ ಆ ಬಲ ಎಲ್ಲಿತ್ತೋ. ತಂಗಿ ಅಳುತ್ತ ದೂರ ನಿಂತಳು. ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದವಳು ನಾನು.

"ಮಾತು ಕೊಟ್ಟಿದ್ದಿ" ಎಂದರು. ಓಣಿಯವರೆಲ್ಲ ನಿಂತು ನೋಡುತ್ತಿದ್ದರು.

ಕಲಬುರಗಿಯಲ್ಲಿ ಮೊಣಕಾಲ ಕೆಳಗೆ ತೆಗೆದರು. ಕಾಗದಕ್ಕೆ ತಂಗಿ ಸಹಿ ಮಾಡಿದಳು. ತೆಗೆದದ್ದನ್ನು ಅರಿವೆಯಲ್ಲಿ ಸುತ್ತಿ ಕೊಟ್ಟರು. ತಂಗಿಯ ಗಂಡ ಅದನ್ನು ಅಲ್ಲಿಯ ಖಬರಸ್ತಾನದ ಒಂದು ಮೂಲೆಯಲ್ಲಿ ಮಣ್ಣು ಮಾಡಿ ಬಂದ. ವಿಷ ರಕ್ತಕ್ಕೆ ಇಳಿದಿದೆ, ನೋಡೋಣ ಎಂದರು ಡಾಕ್ಟರು. ಸ್ವಲ್ಪ ಮುಂಚೆ ಬಂದಿದ್ದರೆ ಎಂದು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಅಂದರು. ಎಷ್ಟು ಮುಂಚೆ ಎಂದು ನಾನು ಕೇಳಲಿಲ್ಲ.

ದಿನ ಬಿಟ್ಟು ದಿನ ಶಾಲೆ ಮುಗಿಸಿ ಬಸ್ಸು ಹಿಡಿದು ಹೋಗುತ್ತಿದ್ದೆ. ಅವರಿಗೆ ತಿಳಿವು ಬಂದಿತ್ತು. ನಾನು ಬಂದು ಮಂಚದ ಪಕ್ಕ ಕುಳಿತರೆ ಮುಖ ಗೋಡೆಯ ಕಡೆ ತಿರುಗಿಸುತ್ತಿದ್ದರು. ತಂಗಿ, "ಆಪಾ, ಟೀಚರ್ ಬಂದಾರ" ಎನ್ನುತ್ತಿದ್ದಳು. ಗೋಡೆ ನೋಡುತ್ತಲೇ ಇರುತ್ತಿದ್ದರು. ಹಸರ್ಯಾ ಆರಾಮ ಇದೆ ಎಂದೆ. ದಾಸವಾಳದ ಹೂವು ತಿನ್ನುತ್ತಿದೆ ಎಂದೆ. ಗಿರಣಿಯವನು ಕೇಳುತ್ತಿದ್ದ, ಭಜಿ ಬಂಡಿಯಾಕೆ ಕೇಳುತ್ತಿದ್ದಳು ಎಂದೆ. ಅವರು ಹಾಗೆ ಮುಖ ತಿರುಗಿಸಿದ್ದು ನನಗೆ ನ್ಯಾಯವೆಂದೇ ಅನಿಸಿತು. ಮಾತು ಕೊಟ್ಟು ತಪ್ಪಿದವಳ ಜೊತೆ ಯಾಕೆ ಮಾತಾಡಬೇಕು?

ನಾನು ಕೊನೆಯ ಸಲ ಹೋದ ದಿನ ತಂಗಿ ಔಷಧಿ ತರಲು ಕೆಳಗೆ ಹೋಗಿದ್ದಳು. ಕೋಣೆಯಲ್ಲಿ ನಾವಿಬ್ಬರೇ. ಅವರು ನಿಧಾನ ಈ ಕಡೆ ತಿರುಗಿದರು. ಮುಖ ಅರ್ಧವಾಗಿತ್ತು. ದನಿಯಲ್ಲಿ ಸಿಟ್ಟಿರಲಿಲ್ಲ. ಬಸ್ಸು ಎಷ್ಟಕ್ಕದ ಎಂದು ಕೇಳಿದ ಹಾಗೆ ಕೇಳಿದರು:

"ಮೂರು ದಿನ ಯಾಕ ಕಾದಿ?"

"ನೀವೇ ಅಂದ್ರಿ..." ಎಂದೆ.

"ಹೌದು" ಎಂದರು. "ನಾನೇ ಅಂದೆ." ಕಣ್ಣು ಮುಚ್ಚಿಕೊಂಡರು. ಅಷ್ಟರಲ್ಲಿ ತಂಗಿ ಬಂದಳು.

ಆಗಿನಿಂದ ಆ ಒಂದು ಪ್ರಶ್ನೆಯನ್ನು ಎಷ್ಟು ಕಡೆಯಿಂದ ತಿರುಗಿಸಿ ನೋಡಿದ್ದೇನೋ. ಇಷ್ಟು ದಿನ ಅವರು ಮುಖ ತಿರುಗಿಸಿದ್ದು ಮಾತು ಮುರಿದದ್ದಕ್ಕಲ್ಲ, ಪಾಲಿಸಿದ್ದಕ್ಕೆ ಇರಬಹುದು. ಕೈ ಮುಗಿದು ಬೇಡಿಕೊಂಡಾಗಲೂ, ಇವಳು ನನ್ನ ಮಾತು ಕೇಳದಿರಲಿ ಎಂದು ಒಳಗೆಲ್ಲೋ ಆಸೆಪಟ್ಟಿದ್ದರೇನೋ. ಅಥವಾ ಸುಮ್ಮನೆ ಒಬ್ಬ ನರ್ಸು, ಕೇಸಿನ ಕಾಗದ ನೋಡಿ ಕೇಳುವ ಪ್ರಶ್ನೆಯೇನೋ ಅದು. ಯಾರನ್ನು ಕೇಳಲಿ.

ಆಸ್ಪತ್ರೆಗೆ ಸೇರಿಸಿದ ಒಂಬತ್ತನೆಯ ದಿನ ಬೆಳಿಗ್ಗೆ ಒಂಬತ್ತನೇ ತರಗತಿಗೆ ಪಾಠ ಮಾಡುತ್ತಿದ್ದಾಗ ಫೋನ್ ಬಂತು. ಮಧ್ಯಾಹ್ನದ ಹೊತ್ತಿಗೆ ಅವರನ್ನು ಮನೆಗೆ ತಂದರು. ಅಂಗಳದಲ್ಲಿ ಚಪ್ಪಲಿಗಳಿಗೆ ಜಾಗವಿರಲಿಲ್ಲ. ಸಗರದಿಂದ, ವಡಗೇರಾದಿಂದ, ಎಲ್ಲೆಲ್ಲಿಂದಲೋ ಬಂದಿದ್ದರು. ಮೈಮೇಲೆ ಎಲ್ಲಾದರೂ ಒಂದು ಹಳೆಯ ಗಾಯದ ಗುರುತು ಇದ್ದವರೇ ಹೆಚ್ಚು.

ಹಿತ್ತಲಿನಲ್ಲಿ ಸೀರೆಗಳನ್ನು ಪರದೆ ಕಟ್ಟಿ, ಹೆಂಗಸರು ಅವರಿಗೆ ಕೊನೆಯ ಸ್ನಾನ ಮಾಡಿಸುತ್ತಿದ್ದರು. ನಾನು ಹೊರಗೆ ನುಗ್ಗೆ ಗಿಡದ ಬಳಿ ನಿಂತಿದ್ದೆ. ಪರದೆ ಸರಿಸಿ ತಂಗಿ ಹೊರಗೆ ಬಂದಳು.

"ಟೀಚರ್, ಕಾಲಿಂದು ಪಟ್ಟಿ ಹಂಗೇ ಅದ. ಒಣಗಿ ಹತ್ಕೊಂಡದ. ನಮ್ಮವ್ರು ಯಾರಿಗೂ ಕೈ ಹಚ್ಚಾಕ ಆಗವಲ್ದು. ನೀವು ನೋಡೀರಿ ಆ ಕಾಲ. ಜರಾ ಬರ್ತೀರೇನು?"

"ನಾ ಬರಬಹುದಾ?" ಎಂದೆ.

ಸ್ನಾನ ಮಾಡಿಸುವ ಮುದುಕಿ ಒಳಗಿನಿಂದಲೇ, "ಬರ್ಲಿ ಬಿಡ್ರಿ, ಮಗಳಿದ್ದಂಗ ಇದ್ಲು" ಎಂದಳು.

ಕೈ ತೊಳೆದುಕೊಂಡು ಒಳಗೆ ಹೋದೆ. ಬಿಳಿ ಅರಿವೆ ಹೊದಿಸಿದ ಅವರು ಹಲಗೆಯ ಮೇಲಿದ್ದರು. ಎಡ ಮೊಣಕಾಲ ಕೆಳಗೆ ಪಟ್ಟಿ, ರಕ್ತ ಒಣಗಿ ಬಿರುಸಾಗಿತ್ತು. ಗಂಟು ಬಿಚ್ಚಿದೆ. ಮೇಲಿನ ಸುತ್ತುಗಳು ಬಂದವು. ಒಳಗಿನದು ಗಾಯಕ್ಕೆ ಕಚ್ಚಿಕೊಂಡಿತ್ತು. ನನ್ನ ಕೈ ನಿಂತಿತು.

ಮುದುಕಿ ನನ್ನ ಭುಜ ಮುಟ್ಟಿದಳು. "ಈಗ ಅಕಿಗೇನು ತಿಳೀತದವ್ವಾ? ಜಗ್ಗಿಬಿಡು."

ಜಗ್ಗಲು ನನಗಾಗಲಿಲ್ಲ. ಬೆಚ್ಚಗಿನ ನೀರು ಕೇಳಿದೆ. ತಂಬಿಗೆಯಿಂದ ಸ್ವಲ್ಪ ಸ್ವಲ್ಪವೇ ಪಟ್ಟಿಯ ಮೇಲೆ ಬಿಟ್ಟೆ. ಅದು ನೆನೆದು ತಾನಾಗಿ ಬಿಡಲಿ ಎಂದು ಅಲ್ಲೇ ನೆಲದ ಮೇಲೆ ಕುಳಿತೆ. ಪರದೆಯ ಆಚೆ ಗಂಡಸರು ಹೊತ್ತಾಯಿತೆಂದು ಎರಡು ಸಲ ಕೂಗಿದರು. "ಇನ್ನಾ ಜರಾ ತಡೀರಿ" ಎಂದಳು ತಂಗಿ. ನಾನು ಇನ್ನೊಂದು ತಂಬಿಗೆ ನೀರು ಹಾಕಿದೆ.